ಟೇಪಿನಡಿಯ ಕತ್ತಾಳೆ ನಾರು

"ಉಸಿರು ಬಿಡಬೇಡ," ಎಂದಳು ಕೋಗೋ ತಪ್ಸುಬೇಯಿ.

ಕಾರ್ಪೊರಲ್ ವಂಜಾಲ ಚಹಾದ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ನಿಂತ. "ಯಾಕೆ ಕೋಗೋ, ಸಿಡಿಯುತ್ತಾ?"

"ಸಿಡಿಯೋದೆಲ್ಲ ಶುಕ್ರವಾರಾನೇ ಸಿಡಿದಾಯ್ತು. ನಿನ್ನ ಉಸಿರಿಗೆ ಸಾಕ್ಷಿ ಹಾರಿಹೋಗುತ್ತೆ. ಆಚೆ ಸರಿ."

ಅವಳು ಊರಿಗೆಲ್ಲ ಅಜ್ಜಿ. ಹಾಗಾಗಿ ಬೇರೆ ಸೀಮೆಯಿಂದ ಬಂದ ಈ ಪೊಲೀಸನೂ ಅವಳನ್ನು ಕೋಗೋ ಎಂದೇ ಕರೆಯುತ್ತಿದ್ದ. ಕಪ್ಟೆರೆನ್ ಊರಿನ ಏಕೈಕ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಅವಳದು. ಅದರ ಕಟ್ಟೆಯ ಮೇಲೆ ಈಗ ಹಳೇ ಪತ್ರಿಕೆ ಹಾಸಿತ್ತು. ಪತ್ರಿಕೆಯ ಮೇಲೆ ಹೆಬ್ಬೆರಳು ಗಾತ್ರದ ಉಕ್ಕಿನ ನಿಪ್ಪಲ್, ಪೈಪು ಕೂಡಿಸುವ ತುಂಡು. ಅದರ ಥ್ರೆಡ್ಡಿನ ಹಲ್ಲುಗಳ ತುಂಬ ನಲ್ಲಿಗೆ ಸುತ್ತುವ ಬಿಳಿ ಟೇಪು, ಎಣ್ಣೆ ಕುಡಿದು ಹಳದಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಮಹಿಳಾ ಸಂಘದ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಎತ್ತಿ ನಿಂತಿದ್ದಾಗ ಇದೇ ನಿಪ್ಪಲ್ ತೊಟ್ಟಿ ಎತ್ತುವ ಎಣ್ಣೆ ಜಾಕಿನಿಂದ ಕಿತ್ತು ಹಾರಿತ್ತು. ಎಣ್ಣೆ ಸುರಿದು, ಮೇಲಿದ್ದ ತೊಟ್ಟಿ ಕೆಳಗೆ ಗ್ರೀಸ್ ಹಚ್ಚುತ್ತಿದ್ದ ಡ್ರೈವರ್ ಲೆಲೇಯ್ ಮೇಲೆ ಬಿದ್ದಿತ್ತು.

ನಿಪ್ಪಲ್ ಕೂಡಿಸಿದವಳು ಸಂಘದ ಮೆಕ್ಯಾನಿಕ್ ಸಲೀನಾ. ಅವಳೀಗ ಅಂಗಡಿಯ ಮೂಲೆಯಲ್ಲಿ, ಮಗುಚಿದ ಎಣ್ಣೆ ಡಬ್ಬದ ಮೇಲೆ ಕೈಕೋಳ ಹಾಕಿಕೊಂಡು ಕೂತಿದ್ದಳು. ಠಾಣೆಯಲ್ಲಿ ಅವಳನ್ನು ಕಾಯಲು ಬೇರೆ ಜನ ಇರಲಿಲ್ಲ. ಅದಕ್ಕೆ ವಂಜಾಲ ಜೊತೆಯಲ್ಲೇ ಕರೆತಂದಿದ್ದ.

"ಎರಡು ಗಂಟೆಗೆ ಚೀಫರ ಬರಾಜಾ," ಎಂದ ವಂಜಾಲ. "ಊರು ಸೇರುತ್ತೆ. ಅಲ್ಲಿ ಇವಳದೇ ತಪ್ಪು ಅಂತಾದ್ರೆ ಸಂಜೆಗೆ ನಾನು ಇವಳನ್ನ ಎಲ್ಡೊರೆಟ್ ಜೈಲಿಗೆ ಕರಕೊಂಡು ಹೋಗ್ಬೇಕು. ಟ್ರ್ಯಾಕ್ಟರ್ ಬಿತ್ತನೆ ಮುಗಿಯೋವರೆಗೂ ಸಾಹುಕಾರ ಬರ್ಮಸಾಯ್ ಸುಪರ್ದಿಗೆ. ನನಗೂ ಇದು ಇಷ್ಟ ಇಲ್ಲ ಕೋಗೋ. ಆದ್ರೆ ನಾಲಿಗೆ ಇಲ್ಲದ ಈ ಕಬ್ಬಿಣ ಏನು ಸಾಕ್ಷಿ ಹೇಳುತ್ತೆ?"

"ನಿನ್ನ ಸೀಮೆ ಜನಕ್ಕೆ ಬಾಯಿ ಇದ್ದೋರು ಮಾತ್ರ ಮಾತಾಡ್ತಾರೆ ಅನ್ನೋ ಭ್ರಮೆ."

"ನಿಮ್ಮ ಸೀಮೆ ಜನಕ್ಕೆ ಹಾಲು ಹುಳಿ ಆಗೋವರೆಗೂ ಕಾಯೋ ತಾಳ್ಮೆ. ನನಗೆ ಎರಡು ಗಂಟೆವರೆಗೆ ಮಾತ್ರ ಇದೆ."

ಕೋಗೋ ನಕ್ಕಳು. ಬ್ಲೇಡಿನ ತುದಿಯಿಂದ ಟೇಪಿನ ಕೊನೆ ಎಬ್ಬಿಸಿ, ಬೆಂದ ಗೆಣಸಿನ ಸಿಪ್ಪೆ ಸುಲಿದಂತೆ ಸುತ್ತು ಸುತ್ತಾಗಿ ಬಿಡಿಸತೊಡಗಿದಳು. ಮೂವತ್ತೆರಡು ವರ್ಷ ನಟ್ಟು, ಬೋಲ್ಟು, ವಾಷರ್ ಎಣಿಸಿದ ಬೆರಳುಗಳಿಗೆ ಅವಸರವೆಂದರೆ ಗೊತ್ತಿರಲಿಲ್ಲ.

"ಕೋಗೋ," ಎಂದಳು ಸಲೀನಾ ಮೂಲೆಯಿಂದ. "ಹೈಡ್ರಾಲಿಕ್‌ಗೆ ನಾನು ಟೇಪು ಸುತ್ತಿದ್ರೆ ಈ ಕೈ ಕಡಿದು ನಾಯಿಗೆ ಹಾಕಿ. ಒಂದು ಚೂರು ಹರಿದು ಎಣ್ಣೇಲಿ ಸೇರಿದ್ರೆ ವಾಲ್ವ್ ಬಾಯಲ್ಲಿ ಹೋಗಿ ಕೂರುತ್ತೆ. ನಾನು ಹಚ್ಚೋದು ನಿಮ್ಮ ಅಂಗಡಿದೇ ಹಸಿರು ಪೇಸ್ಟು. ಅದೂ ತುದಿ ಎರಡು ಹಲ್ಲು ಬಿಟ್ಟು, ಒಳಗೆ ಒಂದು ಹನಿ ಹೋಗದ ಹಾಗೆ."

"ನಿನ್ನ ಪೆಟ್ಟಿಗೇಲಿ ಟೇಪಿನ ಉಂಡೆ ಸಿಕ್ತಲ್ಲ?" ಎಂದ ವಂಜಾಲ.

"ಶಾಲೆ ನೀರಿನ ಟ್ಯಾಂಕಿಗೆ ತಂದಿದ್ದು ಅದು! ನೀವು ಅಡುಗೆಮನೇಲಿ ಚಾಕು ಇಟ್ಕೊಂಡಿದೀರ ಅಂತ ಕೊಲೆಗಾರರಾ?"

"ನನ್ನ ಅಡುಗೆ ತಿಂದೋರು ಹಾಗೇ ಅಂತಾರೆ," ಎಂದು ವಂಜಾಲ ಚಹಾ ಕುಡಿದ.

"ಏಳು ಸುತ್ತು," ಎಂದಳು ಕೋಗೋ. "ಹಲ್ಲಿಗೆ ಹಲ್ಲು ಸರಿಯಾಗಿ ಕೂತ್ರೆ ಮೂರು ಸಾಕು. ಏಳು ಸುತ್ತಿದಾನೆ ಅಂದ್ರೆ ಸಡಿಲ ಇದ್ದದ್ದು ಅವನಿಗೇ ಗೊತ್ತಿತ್ತು."

ಕೊನೆಯ ಸುತ್ತು ಬಿಡಿಸಿದಾಗ ಅವಳ ಕೈ ನಿಂತಿತು.

ಟೇಪಿನ ಅಡಿಯಲ್ಲಿ, ಉಕ್ಕಿನ ಹಲ್ಲಿನ ಸಂದಿಗೆ ಸರಿಯಾಗಿ, ಕೂದಲಿಗಿಂತ ತುಸು ದಪ್ಪನೆಯ ಒಂದು ಎಳೆ ಮಲಗಿತ್ತು. ಒರಟು, ಬಿಳಿಚು ಬಣ್ಣ. ಎಣ್ಣೆಯಲ್ಲಿ ನೆಂದರೂ ಮೆತ್ತಗಾಗಿರಲಿಲ್ಲ.

ಕತ್ತಾಳೆ ನಾರು.

ಕೋಗೋ ಸೂಜಿಯಿಂದ ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ತುದಿಯನ್ನು ಎರಡು ಸಲ ತಿರುಚಿ, ಕೊನೆಯ ಹಲ್ಲಿಗೆ ಸಿಕ್ಕಿಸಿದ್ದರು. ಅದು ಮೈಮರೆತು ಮಾಡಿದ ಕೆಲಸವಲ್ಲ, ಶ್ರದ್ಧೆಯಿಂದ ಮಾಡಿದ್ದು.

"ಟೇಪು ಬರೋಕೆ ಮುಂಚೆ ನೀರಿನ ಪೈಪಿಗೆ ಹೀಗೆ ನಾರು ಸುತ್ತುತಾ ಇದ್ರು," ಎಂದಳು ನಿಧಾನವಾಗಿ. "ಟೇಪು ಬಂದ ಮೇಲೆ ಎಲ್ಲರೂ ನಾರು ಬಿಟ್ರು. ಒಬ್ಬನನ್ನ ಬಿಟ್ಟು. ಅವನು ಟೇಪಿನ ಅಡಿಗೆ ನಾರನ್ನೂ ಇಡ್ತಾನೆ. ಗುರು ಹೇಳಿಕೊಟ್ಟದ್ದನ್ನ ಬಿಡಬಾರದು ಅಂತ."

ಸಲೀನಾ ಎದ್ದು ನಿಂತಳು. "ಕಿಬಿಟೋಕ್!"

ಪಂಪು, ಬೋರ್‌ವೆಲ್ಲು, ದನದ ನೀರಿನ ತೊಟ್ಟಿ, ಈ ಸೀಮೆಯಲ್ಲಿ ಎಲ್ಲವೂ ನಲವತ್ತು ವರ್ಷ ಕಿಬಿಟೋಕನ ಕೈಯಲ್ಲೇ ಇದ್ದವು. ಹೋದ ವರ್ಷ ಮಹಿಳಾ ಸಂಘ ತಮ್ಮ ಬೋರ್‌ವೆಲ್ಲಿನ ಕೆಲಸವನ್ನು ಸಲೀನಾಗೆ ಕೊಟ್ಟಾಗಿನಿಂದ ಅವನು ಅವಳ ನೆರಳು ಕಂಡರೂ ಉಗುಳುತ್ತಿದ್ದ.

ವಂಜಾಲ ಟೋಪಿ ಹಾಕಿಕೊಂಡ. "ಹೋಗಿ ಎಳಕೊಂಡು ಬರ್ತೀನಿ."

"ಕೂತ್ಕೋ. ಅವನು 'ನನ್ನದಲ್ಲ' ಅಂದ್ರೆ ಏನು ಮಾಡ್ತೀಯ? ನಾರಿಗೆ ಹೆಸರು ಬರೆದಿದೆಯಾ? ನನಗೆ ಗೊತ್ತಾದ್ರೆ ಸಾಲದು ವಂಜಾಲ, ಊರಿಗೆ ಗೊತ್ತಾಗ್ಬೇಕು." ಅವಳು ಟೇಪು, ನಾರು, ನಿಪ್ಪಲ್ ಮೂರನ್ನೂ ಒಂದು ಖಾಲಿ ಹಿಟ್ಟಿನ ಪೊಟ್ಟಣಕ್ಕೆ ಹಾಕಿ ಬಾಯಿ ಮಡಿಸಿದಳು. "ಬರಾಜಾಕ್ಕೆ ಈ ವೈಸ್ ಹೊತ್ಕೊಂಡು ಬಾ."

ಕಟ್ಟೆಗೆ ಬಿಗಿದಿದ್ದ, ಸಾಮಾನು ಕಚ್ಚಿ ಹಿಡಿಯುವ ವೈಸನ್ನು ವಂಜಾಲ ನೋಡಿದ. ಕರುವಿನಷ್ಟು ಭಾರದ್ದು. "ನಾನು ಪೊಲೀಸಿಗೆ ಸೇರಿದ್ದು ಕಳ್ಳರನ್ನ ಹೊರೋಕೆ."

"ಇದನ್ನ ಹೊತ್ರೆ ಕಳ್ಳ ತಾನೇ ನಡಕೊಂಡು ಬರ್ತಾನೆ."

*

ಚೀಫ್ ಕಚೇರಿಯ ಮುಂದಿನ ಮರಗಳ ಕೆಳಗೆ ಎರಡು ಗಂಟೆಗೆ ಮುಂಚೆಯೇ ಜನ ನೆರೆದಿದ್ದರು. ಎಡಕ್ಕೆ ಹುಲ್ಲಿನ ಮೇಲೆ ಕಾಲು ಚಾಚಿ ಮಹಿಳಾ ಸಂಘದವರು. ಬಲಕ್ಕೆ ಕೋಲು ಊರಿಕೊಂಡ ಗಂಡಸರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಟ್ರ್ಯಾಕ್ಟರುಗಳ ಒಡೆಯ ಬರ್ಮಸಾಯ್, ತೊಡೆಯ ಮೇಲೆ ಕೌಬಾಯ್ ಟೋಪಿ. ಸಂಘದವರು ಟ್ರ್ಯಾಕ್ಟರ್ ತಂದ ಮೇಲೆ ಉಳುಮೆಗೆ ಅವನ ಬಾಗಿಲಿಗೆ ಹೋಗುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದರು.

ಸಂಘದ ಅಧ್ಯಕ್ಷೆ ರೋದಾ ಸಲೀನಾಳ ಕೈಕೋಳ ನೋಡಿ ಎದ್ದೇಬಿಟ್ಟಳು. "ಏನ್ರೀ ಕಾರ್ಪೊರಲ್, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆನಾ? ಬಿಚ್ರೀ ಅದನ್ನ!"

"ಸುಮ್ನಿರು ರೋದಾ," ಎಂದರು ಚೀಫ್ ಸಂಬು, ಕನ್ನಡಕ ಒರೆಸುತ್ತಾ. "ಮೊದಲು ತಿಳಿದವರ ಮಾತು ಕೇಳೋಣ. ಕಿಬಿಟೋಕ್, ನಿನ್ನನ್ನ ಕರೆಸಿದ್ದು ಪೈಪು ಪಟ್ಟು ಬಲ್ಲವನು ಅಂತ. ಹೇಳು."

ಕಿಬಿಟೋಕ್ ಎದ್ದ. ಉದ್ದನೆಯ ಆಳು, ನರೆತ ಗಡ್ಡ, ಎದೆ ಜೇಬಿನಲ್ಲಿ ಅಳತೆ ಕಡ್ಡಿ, ಕೈಯಲ್ಲಿ ಚರ್ಮದ ಸಾಮಾನಿನ ಚೀಲ. "ಹೇಳೋದೇನಿದೆ ಚೀಫರೇ. ಆ ಹುಡುಗಿ ಮಂಗಳವಾರ ಸಂಜೆ ಕೂಡಿಸಿದ್ಲು. ಶುಕ್ರವಾರ ಕಿತ್ಕೊಂಡು ಬಂತು. ಟ್ರ್ಯಾಕ್ಟರ್ ಅಂದ್ರೆ ಜಡೆ ಹೆಣೆಯೋ ಕೆಲಸ ಅಲ್ಲ."

ಗಂಡಸರ ಕಡೆ ನಗು. ಬರ್ಮಸಾಯ್ ಟೋಪಿಯನ್ನು ತೊಡೆಗೆ ತಟ್ಟಿದ.

ಕೋಗೋ ಕೋಲು ಊರಿ ಎದ್ದಳು. ಅವಳು ಮಂಡಿ ನೆಟ್ಟಗೆ ಮಾಡಿಕೊಳ್ಳುವವರೆಗೂ ಇಡೀ ಬರಾಜಾ ಕಾಯಿತು.

"ಚೀಫರೇ, ನನ್ನದೊಂದು ಪ್ರಶ್ನೆ. ಬುಧವಾರ ನೀವೆಲ್ಲಿದ್ರಿ?"

"ನಾನಾ?" ಚೀಫ್ ಬೆಚ್ಚಿದರು. "ಕೆರಿಯೋ ಕಣಿವೇಲಿ. ರೋದಾಳ ಅಕ್ಕನ ಮಗಳ ನಿಶ್ಚಯಕ್ಕೆ. ಅರ್ಧ ಊರೇ ಬಂದಿತ್ತಲ್ಲ."

"ನಿಮಗೆ ಹುಳಿಹಾಲು ಬಗ್ಗಿಸಿದ್ದು ಯಾರು?"

"ಸಲೀನಾ."

"ಎಷ್ಟು ಲೋಟ?"

"ಅದೂ ಬರಾಜಾದಲ್ಲಿ ಹೇಳ್ಬೇಕಾ?"

"ಐದು!" ಎಂದು ರೋದಾ ಕೂಗಿದಳು. "ಆರನೇದಕ್ಕೆ ಹಾಲಿನ ಸೋರೆಬುರುಡೆ ಖಾಲಿ ಆಯ್ತು ಅಂತ ಮುನಿಸ್ಕೊಂಡ್ರು!"

ಈ ಸಲ ನಗು ಎಡದಿಂದಲೂ ಬಲದಿಂದಲೂ ಬಂತು. ಚೀಫರೂ ನಕ್ಕರು.

"ಬುಧವಾರ ಕೋಳಿ ಕೂಗೋಕೆ ಮುಂಚೆ ಲಾರಿ ಹತ್ತಿದವಳು," ಎಂದಳು ಕೋಗೋ, "ಶುಕ್ರವಾರ ಬೆಳಿಗ್ಗೆ ಅದೇ ಲಾರೀಲಿ ಇಳಿದಳು. ಇಳಿಯೋ ಹೊತ್ತಿಗೆ ಟ್ರೇಲರ್ ಬಿದ್ದಾಗಿತ್ತು. ಇದನ್ನ ಯಾರಾದ್ರೂ ಅಲ್ಲ ಅಂತೀರಾ?"

ಬರ್ಮಸಾಯ್ ಕೂತಲ್ಲಿಂದಲೇ, "ಅದರಿಂದೇನು ತಾಯಿ? ಕೆಟ್ಟ ಕೆಲಸ ಮಂಗಳವಾರವೇ ಮಾಡಿಟ್ಟು ಹೋಗಿದಾಳೆ" ಎಂದ.

"ಹಾಗಾದ್ರೆ ಇದನ್ನ ನೋಡಿ ಬ್ವಾನಾ, ದೊಡ್ಡ ಸಾಹೇಬರೇ." ಕೋಗೋ ಸೆರಗಿನ ಗಂಟಿನಿಂದ ಬೆಂಕಿಪೊಟ್ಟಣ ತೆಗೆದು, ಬಿಳಿ ಕಾಗದದ ಮೇಲೆ ಬಗ್ಗಿಸಿದಳು. ಹಸಿರು ಹರಳಿನಂಥ ಪುಡಿ ಬಿತ್ತು. "ನಿನ್ನೆ ಕಾರ್ಪೊರಲ್ ಎದುರಿಗೇ ಜಾಕಿನ ಬಾಯಿಂದ, ಒಳಗಿನ ಹಲ್ಲಿಂದ ಕೆರೆದು ತೆಗೆದದ್ದು. ಸಲೀನಾಳ ಪೇಸ್ಟು. ಇದು ಗಾಳಿಗೆ ಒಣಗೋದಲ್ಲ. ಉಕ್ಕು ಉಕ್ಕಿನ ನಡುವೆ, ಗಾಳಿ ಇಲ್ಲದ ಕಡೆ ಗಟ್ಟಿ ಆಗುತ್ತೆ. ನಮ್ಮ ಈ ಚಳೀಲಿ ಅದಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು. ಅದಕ್ಕೆ ಮುಂಚೆ ತಿರುಗಿಸಿದ್ರೆ ಬೆಣ್ಣೆ ಥರ ಮೆತ್ಕೊಳ್ಳುತ್ತೆ. ಆಮೇಲೆ ತಿರುಗಿಸಿದ್ರೆ ಗಾಜಿನ ಥರ ಪುಡಿ ಆಗುತ್ತೆ. ಮುಟ್ಟಿ ನೋಡಿ."

ಚೀಫ್ ಬೆರಳಲ್ಲಿ ಒತ್ತಿದರು. ಚಿರ್ ಎಂದಿತು.

"ಅಂದ್ರೆ," ಎಂದರು ಅವರು ತಡೆದು ತಡೆದು, "ಇವಳ ಪೇಸ್ಟು ಗಟ್ಟಿಯಾದ ಮೇಲೆ ಯಾರೋ ಬಿಚ್ಚಿದಾರೆ. ಬುಧವಾರ ಸಂಜೆ ಆದಮೇಲೆ."

"ಆಗ ಇವಳು ನಿಮ್ಮ ಲೋಟಕ್ಕೆ ಹಾಲು ಬಗ್ಗಿಸ್ತಾ ಇದ್ಲು."

ಹುಲ್ಲಿನ ಮೇಲೆ ಕೂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು, ಒಲೆಯ ಮೇಲಿನ ಹಾಲಿನಂತೆ ಏರತೊಡಗಿತು. ಕೋಗೋ ಕೈ ಎತ್ತಿ ಅದನ್ನು ತಡೆದಳು. ಇನ್ನೂ ಉಕ್ಕುವ ಹೊತ್ತಾಗಿರಲಿಲ್ಲ.

"ಬಿಚ್ಚಿದವನು ಸುಮ್ನೆ ಬಿಚ್ಚಿ ಬಿಡಲಿಲ್ಲ," ಎಂದು ಅವಳು ಹಿಟ್ಟಿನ ಪೊಟ್ಟಣ ಎತ್ತಿ ತೋರಿಸಿದಳು. "ಸಲೀನಾಳ ನಿಪ್ಪಲ್ ತೆಗೆದು ಬೇರೆ ನಿಪ್ಪಲ್ ಹಾಕಿದ. ಜಾಕಿನ ಬಾಯಿ ಇಂಗ್ಲೆಂಡಿನ ಹಲ್ಲು. ಇದು ಅಮೆರಿಕದ ಹಲ್ಲು. ಎರಡಕ್ಕೂ ಒಂದು ಇಂಚಿಗೆ ಹದಿನಾಲ್ಕು ಹಲ್ಲೇ, ಅದಕ್ಕೆ ಒಳಗೆ ಹೋಗೋ ಹಾಗೆ ಹೋಗುತ್ತೆ. ಆದ್ರೆ ಹಲ್ಲಿನ ಓರೆ ಬೇರೆ. ಮೂರು ಸುತ್ತಿಗೆ ಬಿಗಿಯಾಗುತ್ತೆ, ಹಿಡೀತು ಅಂತ ಅನಿಸುತ್ತೆ. ಎಷ್ಟು ಟೇಪು ಸುತ್ತಿದ್ರೂ ಅದು ಹಿಡಿತ ಅಲ್ಲ."

ಅವಳು ಒಮ್ಮೆ ಉಸಿರು ತೆಗೆದುಕೊಂಡಳು. ಕಿಬಿಟೋಕನ ಕಡೆ ನೋಡಲಿಲ್ಲ.

"ಒಟ್ಟಿನಲ್ಲಿ ಇದನ್ನ ಸುತ್ತಿದವನು ಯಾರೋ ಕೆಲಸಗೇಡಿ. ಕತ್ತೆ ಕಾಯೋನ ಹತ್ರ ಕಲಿತಿರ್ಬೇಕು. ಅವನ ಗುರುವೂ ಅಂಥವನೇ ಇರ್ಬೇಕು."

ಕಿಬಿಟೋಕನ ಗಡ್ಡ ಅಲುಗಿತು.

"ನೀನು ಹೇಳು ಕಿಬಿಟೋಕ್," ಎಂದು ಈಗ ತಿರುಗಿದಳು. "ಈ ಸೀಮೇಲಿ ಪೈಪಿನ ಕೆಲಸ ಹೇಳಿಕೊಟ್ಟೋರೆಲ್ಲ ಮೋಸಗಾರರೇ ಅಂತ ನನ್ನ ಗಂಡ ಅಂತಿದ್ದ. ನೀರಿನ ಯೋಜನೆ ಮೇಸ್ತ್ರಿ ಇದ್ನಲ್ಲ, ನಿನ್ನ ಗುರು ಮುದುಕ ಟೂವೆಯ್, ಅವನು ಹಾಕಿದ ನಲ್ಲಿ ಎಲ್ಲಾ ಸೋರ್ತಿತ್ತಂತೆ."

"ಯಾರು ಹೇಳಿದ್ದು?" ಕಿಬಿಟೋಕನ ದನಿ ಒಡೆಯಿತು. "ಮೇಸ್ತ್ರಿ ಟೂವೆಯ್ ಹಾಕಿದ ಪೈಪು ಇವತ್ತಿಗೂ ಆಸ್ಪತ್ರೆ ಗುಡ್ಡದ ಮೇಲೆ ನೀರು ಏರಿಸ್ತಾ ಇದೆ! ಒಂದು ಹನಿ ಸೋರಿಲ್ಲ!"

"ನಾನು ಕಂಡಿಲ್ಲಪ್ಪ."

"ಕಾಣಿಸ್ತೀನಿ!"

ವಂಜಾಲ ಮೇಜಿನ ಮೇಲೆ ವೈಸನ್ನು ಧೊಪ್ಪೆಂದು ಇಟ್ಟ. ಕೋಗೋ ಸೆರಗಿನಿಂದ ಎರಡಂಗುಲದ ನೀರಿನ ಪೈಪಿನ ತುಂಡನ್ನೂ ಹೊಸ ಟೇಪಿನ ಉಂಡೆಯನ್ನೂ ತೆಗೆದಿಟ್ಟಳು. ಕಿಬಿಟೋಕ್ ಪೈಪನ್ನು ವೈಸಿಗೆ ಕಚ್ಚಿಸಿ ಬಿಗಿದ. ಬಟ್ಟೆಯಿಂದ ಹಲ್ಲು ಒರೆಸಿದ, ಊದಿದ.

"ಕಟ್ಟುನಿಟ್ಟಿನ ಮನುಷ್ಯ ಇದ್ನಂತೆ?" ಎಂದಳು ಕೋಗೋ, ಈಗ ಮೆಲ್ಲಗೆ, ಚಹಾ ಅಂಗಡಿಯಲ್ಲಿ ಹರಟಿದಂತೆ.

"ಕಟ್ಟುನಿಟ್ಟಾ? ಒಂದು ಸಲ ನನ್ನ ಜೋಡಣೆ ಬೆವರಿತು ಅಂತ ಇಡೀ ಸಾಲು ಬಿಚ್ಚಿಸಿದ್ರು. ಮಳೆ ಬರ್ತಾ ಇತ್ತು. ಹನ್ನೊಂದು ಜೋಡಣೆ. ನಾನು ಅತ್ತುಬಿಟ್ಟೆ. ಆಮೇಲೆ ಅವರೇ ಬಂದು ಪಕ್ಕದಲ್ಲಿ ಕೂತು..."

ಬಾಯಿ ಗುರುವಿನ ಕಥೆ ಹೇಳುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬಲಗೈ ಮೇಲಕ್ಕೆ ಹೋಗಿ ತಲೆಯ ಉಣ್ಣೆ ಟೋಪಿಯ ಮಡಿಕೆಯಿಂದ ಏನನ್ನೋ ಎಳೆದು ತಂದಿತು. ಬಿಳಿಚು ಬಣ್ಣದ ಒಂದು ಎಳೆ. ತೊಡೆಯ ಮೇಲೆ ಅದನ್ನು ಉಜ್ಜಿ ನೇರ ಮಾಡಿತು. ಹಲ್ಲಿನ ಸಂದಿಗೆ ಇಟ್ಟು, ಹೆಬ್ಬೆರಳಲ್ಲಿ ಒತ್ತುತ್ತಾ ಸುತ್ತು ತಂದು, ತುದಿಯನ್ನು ಎರಡು ಸಲ ತಿರುಚಿ ಕೊನೆಯ ಹಲ್ಲಿಗೆ ಸಿಕ್ಕಿಸಿತು. ಅದರ ಮೇಲೆ ಟೇಪು: ಒಂದು, ಎರಡು, ಮೂರು.

"...'ಟೇಪು ಅಂಗಿ, ನಾರು ಮೈ' ಅಂತಿದ್ರು ಅವರು. 'ಮೈ ಇಲ್ಲದ ಅಂಗಿ ಗಾಳಿಗೆ ಹಾರುತ್ತೆ.' ನೋಡಿ. ಇದು ಮೇಸ್ತ್ರಿ ಟೂವೆಯ್ ಕೆಲಸ. ಈ ಸೀಮೇಲಿ ಇದು ಬರೋದು ಈಗ ನನ್ನೊಬ್ಬನಿಗೇ."

"ನಿನ್ನೊಬ್ಬನಿಗೇ?"

"ನನ್ನೊಬ್ಬನಿಗೇ!"

ಕೋಗೋ ಹಿಟ್ಟಿನ ಪೊಟ್ಟಣ ಬಿಡಿಸಿದಳು. ಬಿಚ್ಚಿದ ಟೇಪು, ಹಾರಿದ ನಿಪ್ಪಲ್, ಅದರ ಪಕ್ಕದಲ್ಲಿ ತುದಿ ಎರಡು ಸಲ ತಿರುಚಿದ ನಾರು. ಮೂರನ್ನೂ ವೈಸಿನ ಬುಡದಲ್ಲಿ ಸಾಲಾಗಿ ಇಟ್ಟಳು.

"ಹಾಗಾದ್ರೆ ಇದು ಯಾರದಪ್ಪ?"



ಕಿಬಿಟೋಕ್ ಮೇಜನ್ನು ನೋಡಿದ, ತನ್ನ ಕೈಗಳನ್ನು ನೋಡಿದ. ನಲವತ್ತು ವರ್ಷ ಒಂದೇ ರೀತಿ ಕೆಲಸ ಮಾಡಿದ ಕೈಗಳಿಗೆ ಬಾಯಿಯ ಸುಳ್ಳು ತಿಳಿಸಲು ಅವನು ಮರೆತಿದ್ದ.

ಹಿಂದಿನಿಂದ ಮುದುಕನೊಬ್ಬ ಮುಂದೆ ಬಂದು ಬಗ್ಗಿ, ವೈಸಿನಲ್ಲಿದ್ದ ಎಳೆಯನ್ನೂ ಕಾಗದದ ಮೇಲಿನ ಎಳೆಯನ್ನೂ ಒಂದಾದ ಮೇಲೊಂದು ನೋಡಿದ. ಬಾಯಿಯಲ್ಲಿ ಲೊಚಗುಟ್ಟಿ, "ಒಂದೇ ಕೈ" ಎಂದ.

"ಒಂದೇ ಕೈ!" ಎಂದು ರೋದಾ ಕೂಗಿದ್ದೇ ತಡ, ಉಕ್ಕಿತು. ಹೆಂಗಸರೆಲ್ಲ ಎದ್ದು ನಾಲಿಗೆ ಆಡಿಸಿ ಕೇಕೆ ಹಾಕಿದರು. ಆ ಕೇಕೆ ಗೋಧಿ ಹೊಲಗಳನ್ನು ದಾಟಿ ಶಾಲೆಯ ಗೋಡೆಗೆ ಬಡಿದು ವಾಪಸು ಬಂತು. ಯಾರೋ ಸಲೀನಾಳನ್ನು ಎತ್ತಿಕೊಂಡರು. ಕೈಕೋಳ ಹಾಕಿದ ಕೈಗಳನ್ನು ತಲೆಯ ಮೇಲೆತ್ತಿ ಅವಳು ಅಳುತ್ತಲೂ ನಗುತ್ತಲೂ ಇದ್ದಳು.

"ಇಳಿಸಿ, ಬೀಗ ತೆಗೀಬೇಕು!" ಎಂದು ವಂಜಾಲ ಬೀಗದ ಕೈ ಹಿಡಿದು ಆ ಗುಂಪಿನ ಸುತ್ತ ಓಡಾಡಿದ.

"ನಮ್ಮ ಜೊತೆ ಕುಣಿದ್ರೆ ಇಳಿಸ್ತೀವಿ!"

ಕಾರ್ಪೊರಲ್ ವಂಜಾಲ, ಸರ್ಕಾರಿ ಸಮವಸ್ತ್ರದಲ್ಲಿ, ಎರಡು ಹೆಜ್ಜೆ ಕುಣಿದ. ಆಮೇಲೆ ಬೀಗ ತೆಗೆದ.

ಚೀಫ್ ಎದ್ದು ನಿಂತರು. ಗದ್ದಲ ಇಳಿಯುವವರೆಗೆ ಕಾದು, "ಸಲೀನಾ ಮೇಲೆ ತಪ್ಪಿಲ್ಲ," ಎಂದರು ಗಟ್ಟಿಯಾಗಿ. "ಟ್ರ್ಯಾಕ್ಟರ್ ಸಂಘದ್ದು, ಸಂಘದ ಹತ್ರಾನೇ ಇರುತ್ತೆ. ನಾಳೆ ಬೆಳಿಗ್ಗೆ ಮೊದಲ ಉಳುಮೆ ಅದರದ್ದೇ. ನನ್ನ ಹೊಲದಿಂದಲೇ ಶುರು."

"ಸಾಲಲ್ಲಿ ಬನ್ನಿ ಚೀಫರೇ!" ಎಂದಳು ರೋದಾ. "ನಿಮಗಿಂತ ಮುಂಚೆ ಹೆಸರು ಬರೆಸಿದ ವಿಧವೆಯರಿದಾರೆ!"

ಸಲೀನಾ ಬಂದು ಕೋಗೋಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅಜ್ಜಿ ಅವಳ ಮಣಿಕಟ್ಟಿನ ಕೆಂಪು ಗೆರೆಯನ್ನು ಹೆಬ್ಬೆರಳಲ್ಲಿ ತಿಕ್ಕುತ್ತಾ, "ಹೋಗು, ಮೊದಲು ಜಾಕಿನ ಬಾಯಿ ತೊಳಿ. ಟೇಪಿನ ಚೂರು ಒಳಗಿರುತ್ತೆ" ಎಂದಳು. ಓದು ಬರದ ಕಾಲದಲ್ಲಿ ಬೆರಳಿಂದಲೇ ಹಲ್ಲು ಎಣಿಸಲು ಕಲಿತವಳು ಕೋಗೋ. ಇವತ್ತು ಊರೆಲ್ಲ ಆ ಬೆರಳನ್ನು ನಂಬಿತ್ತು.

ಕಿಬಿಟೋಕ್ ಮಾತ್ರ ವೈಸಿನ ಮುಂದೆ ಹಾಗೇ ನಿಂತಿದ್ದ. ಅವನು ಓಡಲಿಲ್ಲ. ಚರ್ಮದ ಚೀಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ಒಂದು ನಿಪ್ಪಲ್ ತೆಗೆದು ಮೇಜಿನ ಮೇಲಿಟ್ಟ. ಅದರ ಹಲ್ಲಲ್ಲಿ ಹಸಿರು ಪೇಸ್ಟು ಕಚ್ಚಿಕೊಂಡಿತ್ತು. ತುದಿಯ ಎರಡು ಹಲ್ಲು ಖಾಲಿ.

"ಅವಳದ್ದು," ಎಂದ. "ಎಸೆಯೋಕೆ ಕೈ ಬರಲಿಲ್ಲ. ಒಳ್ಳೆ ಕೆಲಸ." ಸಲೀನಾಳತ್ತ ಕಣ್ಣೆತ್ತಲಿಲ್ಲ. "ಬಿಚ್ಚೋಕೆ ನನ್ನ ಇಡೀ ಮೈಭಾರ ಹಾಕ್ಬೇಕಾಯ್ತು."

"ಯಾಕೆ ಮಾಡ್ದೆ?" ಎಂದರು ಚೀಫ್.

"ಹೊಟ್ಟೆಕಿಚ್ಚು ಚೀಫರೇ. ಸ್ವಲ್ಪ ಎಣ್ಣೆ ಸೋರಲಿ, ಹುಡುಗಿ ಹೆಸರು ಕೆಡಲಿ, ಬೋರ್‌ವೆಲ್ ಕೆಲಸ ನನಗೆ ವಾಪಸು ಬರಲಿ ಅಂತ. ಯಾರಿಗೂ ಪೆಟ್ಟಾಗಲ್ಲ ಅಂತ ಅವನು ಆಣೆ ಇಟ್ಟ."

ಕೋಗೋಳ ಕೋಲು ನೆಲದಲ್ಲಿ ನಿಂತಿತು. "ಯಾರು ಅವನು?"

ಎಲ್ಲರ ಕಣ್ಣು ಮುಂದಿನ ಸಾಲಿಗೆ, ಬರ್ಮಸಾಯ್ ಕಡೆಗೆ ತಿರುಗಿತು. ಕಿಬಿಟೋಕ್ ತಲೆಯಾಡಿಸಿದ.

"ಬರ್ಮಸಾಯ್ ನನ್ನ ಹತ್ರ ಬರಲಿಲ್ಲ. ಗುರುವಾರ ಮಧ್ಯಾಹ್ನ ನನ್ನ ಮನೆಗೆ ಬಂದು, ಆ ಅಮೆರಿಕದ ನಿಪ್ಪಲ್ಲನ್ನ ಕೈಗೆ ಕೊಟ್ಟು, ಶೆಡ್ಡಿನ ಬೀಗ ತಾನೇ ತೆಗೆದು, ನಾನು ಬಿಗಿಯೋವರೆಗೂ ಪಕ್ಕದಲ್ಲಿ ನಿಂತದ್ದು ಲೆಲೇಯ್."

"ಯಾವ ಲೆಲೇಯ್?" ಎಂದಳು ರೋದಾ.

"ಒಬ್ಬನೇ ಅಲ್ವಾ ಇರೋದು? ನಿಮ್ಮ ಡ್ರೈವರು."

"ಹುಚ್ಚಾ ನಿನಗೆ! ತಾನೇ ಕೆಡಿಸಿದ ಟ್ರೇಲರ್ ಕೆಳಗೆ ತಾನೇ ಹೋಗಿ ಮಲಗ್ತಾನಾ? ಕಾಲು ನುಜ್ಜುಗುಜ್ಜಾಗಿದೆ ಪಾಪ!"

ಜನ ಹೌದು ಹೌದು ಎಂದರು. ಕೋಗೋ ಮಾತ್ರ ಸಂತೆಯಲ್ಲಿ ಕೈಗೆ ಬಂದ ವಾಷರನ್ನು ಬೆಳಕಿಗೆ ಹಿಡಿಯುವಂತೆ ಆ ಮಾತನ್ನು ಹಿಡಿದು ನೋಡುತ್ತಿದ್ದಳು.

"ರೋದಾ," ಎಂದಳು ಕೊನೆಗೆ. "ಆ ಕಾಲನ್ನ ನೀನು ಕಂಡ್ಯಾ?"

"ನಾವು ಲಾರಿ ಇಳಿದು ಓಡೋ ಹೊತ್ತಿಗೆ ಕಂಬಳಿ ಹೊದಿಸಿದ್ರು. ಕಿರುಚ್ತಾ ಇದ್ದ."

"ರಕ್ತ?"

ರೋದಾ ನೆನಪು ಮಾಡಿಕೊಂಡಳು. "ಎಣ್ಣೆ ಇತ್ತು. ನೆಲದ ತುಂಬ ಎಣ್ಣೆ."

"ವಂಜಾಲ, ನೀನು ಹೇಳಿಕೆ ತಗೊಂಡ್ಯಲ್ಲ?"

"ಪಟ್ಟಣದ ಯಾವುದೋ ಖಾಸಗಿ ದವಾಖಾನೆ ಕೋಗೋ. ಎರಡು ಸಲ ಹೋದೆ. ನಿದ್ದೆ ಔಷಧ ಕೊಟ್ಟಿದೀವಿ ಅಂತ ಬಾಗಿಲಲ್ಲೇ ನಿಲ್ಲಿಸಿದ್ರು." ಹೇಳುತ್ತಾ ಹೇಳುತ್ತಾ ವಂಜಾಲನ ದನಿ ತಾನೇ ತಗ್ಗಿತು.

"ಇಲ್ಲಿರೋ ನಿಮ್ಮಲ್ಲಿ ಒಬ್ಬರಾದ್ರೂ," ಕೋಗೋ ಬರಾಜಾವನ್ನು ಎಡದಿಂದ ಬಲಕ್ಕೆ ನೋಡಿದಳು, "ಲೆಲೇಯ್ ಕಾಲು ಮುರಿದದ್ದನ್ನ ಕಣ್ಣಾರೆ ಕಂಡೋರು ಇದೀರಾ?"

ಇನ್ನೂರು ಜನ. ಒಂದು ಕೈಯೂ ಏಳಲಿಲ್ಲ.

"ಅವನಿಗೆ ಕಂಬಳಿ ಹೊದಿಸಿ, ಪಿಕಪ್ಪಿಗೆ ಹಾಕ್ಕೊಂಡು ಆ ದವಾಖಾನೆಗೆ ಸೇರಿಸಿದ್ದು ಯಾರು?"

ಉತ್ತರ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಇನ್ನೂರು ತಲೆಗಳು ಮತ್ತೆ ಮುಂದಿನ ಸಾಲಿಗೆ ತಿರುಗಿದವು.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೌಬಾಯ್ ಟೋಪಿಯೊಂದೇ ಕೂತಿತ್ತು. ಕಚೇರಿಯ ಹಿಂದೆ ಬರ್ಮಸಾಯನ ಪಿಕಪ್ಪಿನ ಎಂಜಿನ್ ಗುಡುಗಿ, ಪಟ್ಟಣದ ದಾರಿಯ ಕೆಂಧೂಳು ಮರಗಳ ಮೇಲಕ್ಕೆ ಎದ್ದಿತು.